ಎರಡು ಹದಿನಾಲ್ಕು

ಬಾಕಿ ಲೆಕ್ಕಕ್ಕೆ ಬಂದ ದೋಣಿ ಇದು.
ಹನ್ನೊಂದು ವರ್ಷ ನನ್ನ ಅಂಗಡಿಯಿಂದ
ಬಣ್ಣ, ವಾರ್ನಿಶು, ಟರ್ಪಂಟೈನು
ಬರೆಸಿ ಬರೆಸಿ ಒಯ್ದ ಮಮ್ಮುಂಞಿ ಹಾಜಿ
ಕೊನೆಗೆ ಮಗನ ಕೈಯಲ್ಲಿ ಕೀಲಿಕೈ ಕಳಿಸಿದರು:
ಬಾಳಿಗರಿಗೆ ಹೇಳು, ಲೆಕ್ಕ ಚುಕ್ತಾ.

ಇಪ್ಪತ್ತೆಂಟು ಅಡಿ. ನಡುವೆ ಮರದ ಕೋಣೆ,
ಎರಡು ಮಂಚ, ಹಿತ್ತಾಳೆ ಅಂಚಿನ ದುಂಡು ಕಿಟಕಿ.
ಮೀನಿಗೆ ಆಗದು, ಮರಳಿಗೆ ಆಗದು,
ಹೊಳೆಯಲ್ಲಿ ಸುಮ್ಮನೆ ಹೋಗಿ ಸುಮ್ಮನೆ ಬರಲಿಕ್ಕೆ
ಯಾವುದೋ ಕಾಲದ ಯಾವನೋ ದೊರೆ ಕಟ್ಟಿಸಿದ್ದು.
ಮನೆಯಲ್ಲಿ ಇವಳು ಕೇಳಿದ್ದು ಒಂದೇ ಮಾತು:
"ಇದಕ್ಕೆ ಇನ್ನೆಷ್ಟು ಡಬ್ಬಿ?"

ತಳಂಗರೆಯ ದಡ, ಮಡಲಿನ ಮಾಡು.
ಅಂಬು ಆಚಾರಿ ಡೆಕ್ಕಿನ ಮೇಲೆ ಬರಿಗಾಲಲ್ಲಿ ನಡೆದ.
ಹಿಮ್ಮಡಿಯಿಂದ ಕೇಳಿಸಿಕೊಳ್ಳುವವನು ಅವನು.
ಇಲ್ಲಿ ಗಟ್ಟಿ. ಇಲ್ಲಿ ಗಟ್ಟಿ.
ಇಲ್ಲಿ, ನಿಂತು, ಹಲಸಿನ ಹಣ್ಣು, ಎಂದ.
ಕ್ಯಾನ್ವಾಸು ಬಿರಿದಲ್ಲಿ ಒಳಹೊಕ್ಕ ನೀರು
ಹೊರಡುವ ದಾರಿ ಮರೆತಿದೆ.

ಅಂಚಿನ ಪಟ್ಟಿ ಎಬ್ಬಿಸಿದೆವು. ತಾಮ್ರದ ಮೊಳೆಗಳು
ಹಸಿರು ಕಟ್ಟಿ, ಒಂದೊಂದೂ ಬೂತಾಯಿಯ ಕಣ್ಣಿನಷ್ಟು.
ಎಳೆದರೆ ಬಟ್ಟೆ ಬರುವುದಿಲ್ಲ,
ಕಾವಲಿಗೆ ಹಿಡಿದ ಮೊದಲ ದೋಸೆ.
ಚೂರು ಚೂರೇ ಕೆರೆದಾಗ ಕಂಡದ್ದು
ನನ್ನದೇ ಖಾತೆಪುಸ್ತಕ:
ಮೇಲೆ ಬೂದಿ, ಹೋದ ವರ್ಷದ್ದು, ಹಣ ಬಂದಿಲ್ಲ.
ಅದರಡಿ ಕಡುಹಸಿರು, ಅರ್ಧ ಬಂದಿತ್ತು.
ಅದರಡಿ ಇಟ್ಟಿಗೆಗೆಂಪು, ಅಪ್ಪ ಮಾರಿದ್ದು,
ಆ ಕಂಪೆನಿಯೇ ಈಗ ಇಲ್ಲ.
ಎಲ್ಲಕ್ಕೂ ಅಡಿಯಲ್ಲಿ ಹಾಲುಬಿಳಿ.
ಅದಕ್ಕೆ ನಮ್ಮಲ್ಲಿ ಚೀಟಿಯಿಲ್ಲ.

ಬಿಳಿಯ ಕೆಳಗೆ ನೂಲು, ನೂಲಿನ ಕೆಳಗೆ ಹೆಬ್ಬಲಸು.
ಹಲಗೆ ಹಲಗೆಯ ತಲೆಯಲ್ಲೂ ಪೆನ್ಸಿಲಿನ ಗೀರು:
೧, ೨, ೩...
ಅಂಬು ಕನ್ನಡ ಓದಿದವನಲ್ಲ.
"ಇದೆಂತ, ಜಿಲೇಬಿಯಾ?"
ಲೆಕ್ಕ, ಎಂದೆ. ಎಡದಿಂದ ಓದುತ್ತ ಹೋದೆ.
ಹನ್ನೆರಡು. ಹದಿಮೂರು. ಹದಿನಾಲ್ಕು.
ಮತ್ತೆ ಹದಿನಾಲ್ಕು.
ಆಮೇಲೆ ಹದಿನೈದು, ಏನೂ ಆಗದವರ ಹಾಗೆ.

ಯಾರು ಕರೆದಿರಬಹುದು ಅವನನ್ನು ಆ ಹೊತ್ತಿಗೆ?
ಗಂಜಿಗೋ, ಬೀಡಿಗೋ, ಸೇತುವೆಯ ಮೇಲೆ ರೈಲೋ?
ಈಗಲೂ ರೈಲು ಹೋದರೆ
ಡಬ್ಬಿಯಲ್ಲಿ ಮೊಳೆಗಳು ಗಿಲಗಿಲ ಎನ್ನುತ್ತವೆ.
ಕೈ ನಿಲ್ಲಿಸಿ ಇಬ್ಬರೂ ನೋಡುತ್ತೇವೆ,
ಯಾರೂ ಬರಲಿಕ್ಕಿಲ್ಲದಿದ್ದರೂ.

ಕೊಳೆತದ್ದು ಎರಡನೆಯ ಹದಿನಾಲ್ಕು.

ಹೊಸ ಹಲಗೆ ಕೂತಿತು. ಅಂಬು ಕಿವಿಸಂದಿಯ ಪೆನ್ಸಿಲು
ನನ್ನ ಕಡೆ ಚಾಚಿದ: "ನಿಮ್ಮ ಜಿಲೇಬಿ, ನೀವೇ ಬರೆಯಿರಿ."
ಸರಿಮಾಡಬಹುದಿತ್ತು. ಹದಿನೈದು ಎಂದರೆ
ಮುಂದಿನ ಒಂಬತ್ತು ಹಲಗೆಗಳನ್ನೂ ಅಳಿಸಬೇಕು,
ಅಷ್ಟು ಹಲಗೆಗಳ ಎದುರು ಅವನನ್ನು ದಡ್ಡನೆನ್ನಬೇಕು.
೧೪ ಎಂದೇ ಬರೆದೆ.
ಪಕ್ಕದ್ದನ್ನು ನೋಡಿ ನೋಡಿ, ನಾಲ್ಕರ ಬಾಲವನ್ನು
ಅವನಷ್ಟೇ ಉದ್ದ ಎಳೆದೆ.

ಅಂದುಂಞಿಯ ಬಟ್ಟೆ ಬಂತು, ಜೋಡು ಹೊಲಿಗೆ,
ಟೊಪ್ಪಿ ಹೊಲಿಯುವ ಮನೆಯ ಕೈ, ಎಣಿಕೆ ತಪ್ಪುವುದಿಲ್ಲ.
ಹಲಗೆಗೆ ದಪ್ಪ ಬಣ್ಣ ಬಳಿದು
ಹಸಿ ಇರುವಾಗಲೇ ಹಾಸಿದೆವು.
ನಡುವಿನಿಂದ ಅಂಚಿಗೆ, ಒಬ್ಬ ಎಳೆಯುವುದು, ಒಬ್ಬ ಹೊಡೆಯುವುದು.
ಸಂಜೆಗೆ ಬೆರಳುಗಳು ಮಡಚಲಿಲ್ಲ, ಬಟ್ಟೆ
ಚೆಂಡೆಯ ಹಾಗೆ ಉತ್ತರ ಕೊಟ್ಟಿತು.

ಮೇಲಿಂದ ಬಣ್ಣ, ನೇಯ್ಗೆ ಕಾಣುವಷ್ಟು ತೆಳ್ಳಗೆ,
ಇಲ್ಲದಿದ್ದರೆ ಮಳೆಗೆ ಕಾಲು ಜಾರುತ್ತದೆ.
ನಲವತ್ತು ವರ್ಷ "ಇನ್ನೊಂದು ಕೋಟು ಹೊಡೆಸಿ" ಎಂದು
ಊರಿಗೆಲ್ಲ ಮಾರಿದವನು ನಾನು.
ಮೂರನೆಯದಕ್ಕೆ ಬ್ರಶ್ಶು ಅದ್ದಿದಾಗ
ಅಂಬು ಮಣಿಕಟ್ಟು ಹಿಡಿದ: ಸಾಕು ಮಾರಾಯ್ರೇ.

ಪತ್ತನಾಜೆಗೆ ಎರಡು ದಿನ ಮೊದಲು
ಅವನು ಮೇಲಿನಿಂದ ಕೊಡ ಕೊಡ ನೀರು ಹೊಯ್ದ.
ನಾನು ಕೋಣೆಯಲ್ಲಿ, ಮಂಚದ ಮೇಲೆ, ಅಂಗಾತ.
ನೀರು ಓಡಾಡುವ ಸದ್ದು, ಮಾಳಿಗೆಯಲ್ಲಿ ಇಲಿಗಳ ಹಾಗೆ.
ಕಿಟಕಿಯ ಮೂಲೆಯಲ್ಲಿ ಒಂದೇ ಒಂದು ಹನಿ
ತುಂಬಿಕೊಂಡು, ತೂಗಿ ನೋಡಿ,
ನನ್ನ ಹಣೆಗೆ ಬಿತ್ತು.

"ಉಂಟಾ?" ಮೇಲಿನಿಂದ ಅಂಬು.

ಇಲ್ಲ, ಎಂದೆ.